ಅಡಿಕೆ ಒಣಗುವ ಕಾಲದಲ್ಲಿ ಕಾಸರಗೋಡು

ಕಾಸರಗೋಡು ನೋಡಬೇಕಾದರೆ ಮಳೆಗಾಲದಲ್ಲೇ ಹೋಗಬೇಕು ಅಂತ ಹೇಳುವವರು ಜಾಸ್ತಿ. ಬೇಕಲ ಕೋಟೆಯ ಬುಡಕ್ಕೆ ಅಲೆ ಬಡಿಯುವುದು, ಗುಡ್ಡೆಯೆಲ್ಲ ಹಸಿರಾಗುವುದು, ಅದೂ ಚೆಂದವೇ. ಆದರೆ ನನ್ನನ್ನು ಕೇಳಿದರೆ ಧನು ತಿಂಗಳ, ಅಂದರೆ ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗಿನ ಕಾಸರಗೋಡಿಗೆ ಸಾಟಿಯಿಲ್ಲ. ತುಲಾ ತಿಂಗಳ ಗುಡುಗು ಮಳೆ ಮುಗಿದಿರುತ್ತದೆ. ಆಕಾಶ ತೊಳೆದಿಟ್ಟ ಹಾಗೆ ನೀಲಿ. ಬೆಳಿಗ್ಗೆ ಹೊದಿಕೆ ಬೇಕು, ಹತ್ತು ಗಂಟೆಗೆ ಅಂಗಿಯ ತೋಳು ಮಡಚಬೇಕು. ಉತ್ತರ ಕರ್ನಾಟಕದ ಚಳಿ ಕಂಡವರು ಇದನ್ನು ಚಳಿ ಎಂದು ಒಪ್ಪಲಿಕ್ಕಿಲ್ಲ. ಇಲ್ಲಿ ಮುಂಜಾನೆ 20 ಡಿಗ್ರಿಯ ಹತ್ತಿರ ಇಳಿದರೆ ಊರವರೆಲ್ಲ ಚಳಿಯ ಮಾತನ್ನೇ ಆಡುತ್ತಾರೆ.

ಮಂಗಳೂರಿನಿಂದ ಬೆಳಗಿನ ಲೋಕಲ್ ರೈಲಿನಲ್ಲಿ ಹೊರಟೆವು. ಉಳ್ಳಾಲ, ಮಂಜೇಶ್ವರ, ಉಪ್ಪಳ ದಾಟಿ ಶಿರಿಯ ಹೊಳೆಯ ಸೇತುವೆಗೆ ಬಂದಾಗ ಬಲಗಡೆ ಕಿಟಕಿಯಲ್ಲಿ ಕೂತವರಿಗೆ ಅಳಿವೆ ಕಾಣುತ್ತದೆ. ಮಳೆಗಾಲದಲ್ಲಿ ಕೆಂಪಗೆ ನುಗ್ಗುವ ನೀರು ಈಗ ತಿಳಿಯಾಗಿ, ಉಬ್ಬರ ಇಳಿತಕ್ಕೆ ತಕ್ಕಂತೆ ಅತ್ತಿತ್ತ ಆಡುತ್ತಿತ್ತು. ಮರಳ ದಿಬ್ಬದಲ್ಲಿ ಕಡಲಹಕ್ಕಿಗಳು ಸಾಲಾಗಿ ಕೂತಿದ್ದವು. ಎಲ್ಲವೂ ಒಂದೇ ದಿಕ್ಕಿಗೆ, ಗಾಳಿಗೆ ಮುಖ ಕೊಟ್ಟು. ಉತ್ತರದ ಹಿಮದ ನಾಡುಗಳಿಂದ ಸಾವಿರಾರು ಕಿಲೋಮೀಟರ್ ಹಾರಿ ಬರುವ ಹಕ್ಕಿಗಳಿಗೆ ನಮ್ಮ ಈ ಹಿತವಾದ ಚಳಿಗಾಲವೇ ಆಸರೆ.

ಕುಂಬಳೆಯಲ್ಲಿ ಇಳಿದು ಪೆರ್ಲದ ಕಡೆಯ ಬಸ್ಸು ಹಿಡಿದೆವು. ಅಲ್ಲಿ ಒಳಗೆ ನಮ್ಮ ನೆಂಟರ ಮನೆ. 1956ರ ನವೆಂಬರ್ 1ರಂದು ಈ ತಾಲೂಕು ಕೇರಳಕ್ಕೆ ಸೇರಿತು. ಆದರೂ ಇಲ್ಲಿನ ಬಸ್ಸಿನೊಳಗೆ ಇವತ್ತಿಗೂ ಕನ್ನಡ, ತುಳು, ಮಲಯಾಳ, ಹವ್ಯಕ ಎಲ್ಲ ಒಟ್ಟಿಗೆ ಕೇಳುತ್ತದೆ. ಅವತ್ತು ಯಾವ ಭಾಷೆಯಲ್ಲಿ ಕೇಳಿದರೂ ವಿಷಯ ಒಂದೇ: ಅಡಿಕೆ ಎಷ್ಟು ಒಣಗಿತು, ಮೋಡ ಬರುವ ಲಕ್ಷಣ ಉಂಟೋ ಇಲ್ಲವೋ.

ಯಾಕೆ ಅಂತ ಮನೆ ತಲುಪಿದ ಕೂಡಲೇ ತಿಳಿಯಿತು. ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಹೊಸದಾಗಿ ಕೊಯ್ದ ಹಣ್ಣಡಿಕೆ ಒಂದು ಕಡೆ ಕಿತ್ತಳೆ ಬಣ್ಣದಲ್ಲಿ, ವಾರಗಟ್ಟಲೆ ಒಣಗಿದ್ದು ಇನ್ನೊಂದು ಕಡೆ ಮಾಸಲು ಕಂದು ಬಣ್ಣದಲ್ಲಿ. ಇಲ್ಲಿಯವರು ಅಡಿಕೆಯನ್ನು ಬೇಯಿಸುವುದಿಲ್ಲ. ಹಣ್ಣಾದದ್ದನ್ನು ಸಿಪ್ಪೆ ಸಮೇತ ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಸುಲಿದು ಚಾಲಿ ಮಾಡುತ್ತಾರೆ. ಅದಕ್ಕೆ ಸುಮಾರು 40ರಿಂದ 45 ದಿನದ ಒಳ್ಳೆಯ ಬಿಸಿಲು ಬೇಕು. ನಡುವೆ ಮಳೆ ಬಿದ್ದರೆ ಬೂಷ್ಟು ಹಿಡಿಯುತ್ತದೆ, ದರ ಇಳಿಯುತ್ತದೆ. ಈಚೆಗೆ ಡಿಸೆಂಬರಿನಲ್ಲೂ ಅಕಾಲ ಮಳೆ ಬರುವುದುಂಟು. ಹಾಗಾಗಿ ಅಂಗಳದ ಮೇಲೆ ಪ್ಲಾಸ್ಟಿಕ್ ಹಾಳೆಯ ಸೋಲಾರ್ ಗೂಡು ಕಟ್ಟಿಸಿದ ಮನೆಗಳು ಜಾಸ್ತಿಯಾಗಿವೆ. ನಮ್ಮ ನೆಂಟರ ಮನೆಯಲ್ಲಿ ಅರ್ಧ ಗೂಡಿನಲ್ಲಿ, ಅರ್ಧ ಬಯಲಲ್ಲಿ. ಮನೆಯ ಅಜ್ಜಿ ಕಾಲಿನಿಂದಲೇ ಅಡಿಕೆ ಸರಿಸಿ ಮಗುಚುತ್ತಾ ನಡೆಯುವುದನ್ನು ನೋಡುತ್ತಾ ನಾನು ಜಗಲಿಯಲ್ಲಿ ತುಂಬ ಹೊತ್ತು ಕೂತೆ. ಆ ಸದ್ದು ಒಂದು ಹದದ್ದು, ಕೇಳುತ್ತಾ ಇದ್ದರೆ ಏಳಲು ಮನಸ್ಸಾಗುವುದಿಲ್ಲ.

ಪಕ್ಕದಲ್ಲೇ ಚಾಪೆಯ ಮೇಲೆ ಕಾಳುಮೆಣಸು. ಬೆಳಿಗ್ಗೆ ಹಸಿರಾಗಿ ಹರಡಿದ್ದು ಮಾರನೆಯ ದಿನಕ್ಕೆ ಕಪ್ಪಾಗಿತ್ತು. ಸಿಪ್ಪೆಯೊಳಗಿನ ರಸ ಗಾಳಿ ಬಿಸಿಲಿಗೆ ಸಿಕ್ಕಿ ಹಾಗೆ ಬಣ್ಣ ತಿರುಗುವುದು. ಇಡೀ ಅಂಗಳಕ್ಕೆ ಅದರ ಖಾರದ ವಾಸನೆ.

ಬೆಳಗಿನ ಜಾವ ಎಚ್ಚರವಾದದ್ದು ಹತ್ತಿರದ ದೇವಸ್ಥಾನದ ಧನುಪೂಜೆಯ ಗಂಟೆಗೆ. ಹೊರಗೆ ಬಂದರೆ ಮೂಡುಗಾಳಿ ಮುಖಕ್ಕೆ ತಾಗಿತು. ಮೋಡವಿಲ್ಲದ ರಾತ್ರಿಯಲ್ಲಿ ನೆಲದ ಕಾವು ನೇರ ಆಕಾಶಕ್ಕೆ ಹೋಗಿಬಿಡುತ್ತದೆ. ತಣ್ಣಗಾದ ಗಾಳಿ ಘಟ್ಟದ ಕಡೆಯಿಂದ ಇಳಿದು ಕಡಲಿಗೆ ಹರಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲ ತಿರುಗಿ ಪಡುಗಾಳಿ ಬೀಸುತ್ತದೆ. ತುಟಿ ಒಡೆಯುವುದೂ ಈ ಒಣ ಮೂಡುಗಾಳಿಗೇ, ಮಾವು ಹೂ ಬಿಡುವುದೂ ಹೆಚ್ಚುಕಡಿಮೆ ಇದೇ ಕಾರಣಕ್ಕೆ. ಮಳೆ ನಿಂತು ನೆಲ ಒಣಗಿ, ರಾತ್ರಿ ತಂಪಾದರೆ ಮಾವಿನ ಟೊಂಗೆ ಚಿಗುರುವುದು ಬಿಟ್ಟು ಹೂಗೊಂಚಲು ಹೊರಡಿಸುತ್ತದೆ. ಬೆಚ್ಚಗಿನ ಮೋಡದ ವಾತಾವರಣವಾದರೆ ಬರೀ ಕೆಂಪು ಚಿಗುರು. ಆ ಮನೆಯ ಹಿಂದಿನ ಕಾಟುಮಾವಿನ ಮರದಲ್ಲಿ ಎರಡೂ ಇತ್ತು. ಮೂಡಣ ಬದಿಯ ಕೊಂಬೆಗಳು ಹೂವಿನಲ್ಲಿ ಮುಳುಗಿದ್ದವು, ಇನ್ನೊಂದು ಬದಿ ಚಿಗುರು. ಹೂವಿನ ಕಡೆ ಜೇನಿನ ಗುಂಯ್‌ಗುಟ್ಟು ಕೆಳಗಿನವರೆಗೂ ಕೇಳುತ್ತಿತ್ತು.

ಸ್ನಾನಕ್ಕೆ ಸುರಂಗದ ನೀರು. ಇದನ್ನು ಕಾಣದವರಿಗೆ ಹೇಳಲೇಬೇಕು. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆಗೆ ಅಡ್ಡವಾಗಿ, ಒಬ್ಬ ಮನುಷ್ಯ ಹೋಗುವಷ್ಟೇ ಅಗಲಕ್ಕೆ ಕೊರೆದ ದಾರಿ ಅದು. ಮಳೆಗಾಲದಲ್ಲಿ ಗುಡ್ಡೆ ಕುಡಿದ ನೀರು ಅದರೊಳಗೆ ಜಿನುಗಿ ತಾನಾಗಿ ಹೊರಗೆ ಹರಿಯುತ್ತದೆ. ಪಂಪು ಬೇಡ, ಕರೆಂಟು ಬೇಡ. ಬಾಯಾರು, ಪೆರ್ಲ ಕಡೆ ಇವು ಲೆಕ್ಕವಿಲ್ಲದಷ್ಟು. ಮುಂಜಾನೆಯ ಚಳಿಯಲ್ಲಿ ಕೈಯೊಡ್ಡಿದರೆ ಆ ನೀರು ಬೆಚ್ಚಗೆ. ನೆಲದೊಳಗಿನ ಕಾವು ಹೊರಗಿನ ಹಾಗೆ ದಿನಕ್ಕೊಂದು ಬಗೆ ಬದಲಾಗುವುದಿಲ್ಲವಲ್ಲ. ಅದೇ ನೀರು ಏಪ್ರಿಲ್ ಮಧ್ಯಾಹ್ನದಲ್ಲಿ ತಂಪು ಅನ್ನಿಸುತ್ತದೆ.

ಪೊಸಡಿಗುಂಪೆ ಹತ್ತಲು ಎಳೆ ಬಿಸಿಲಿಗೇ ಹೊರಟೆವು. ಸಮುದ್ರಮಟ್ಟದಿಂದ ಸುಮಾರು 1,000 ಅಡಿ ಎತ್ತರದ ಗುಡ್ಡೆ. ಹತ್ತುವುದು ಕಷ್ಟವಲ್ಲ. ದಾರಿಯುದ್ದಕ್ಕೂ ಮುಳಿಹುಲ್ಲು ಹಣ್ಣಾಗಿ ಹೊಂಬಣ್ಣಕ್ಕೆ ತಿರುಗಿ ನಿಂತಿತ್ತು. ಮೊದಲು ಮನೆಗಳಿಗೆ ಮಾಡು ಹೊದೆಸಲು ಇದೇ ಹುಲ್ಲನ್ನು ಈ ಕಾಲದಲ್ಲಿ ಕೊಯ್ಯುತ್ತಿದ್ದರು. ಹುಲ್ಲಿನ ತುದಿಯ ಇಬ್ಬನಿ ಪ್ಯಾಂಟಿನ ಮೊಣಕಾಲವರೆಗೆ ಒದ್ದೆ ಮಾಡಿತು, ತುದಿ ತಲುಪುವಷ್ಟರಲ್ಲಿ ಒಣಗಿಯೂ ಹೋಯಿತು. ಗಿಜಿಗಿಜಿ ಗಿಡಗಳ ಮೇಲೆ ನೀಲಿ ಪಟ್ಟೆಯ ಚಿಟ್ಟೆಗಳು ರೆಕ್ಕೆ ಬಿಡಿಸಿ ಬಿಸಿಲು ಕಾಯಿಸುತ್ತಿದ್ದವು. ಮೈ ಬೆಚ್ಚಗಾಗುವವರೆಗೆ ಅವು ಹಾರಲಾರವು. ಆದ್ದರಿಂದ ಹತ್ತಿರ ಕೂತು ನೋಡಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು. ಗಂಡು ಚಿಟ್ಟೆಗಳು ಆ ಗಿಡದ ಒಣಗಿದ ಭಾಗದಿಂದ ಹೀರುವ ಸತ್ವವೇ ಮುಂದೆ ಹೆಣ್ಣನ್ನು ಸೆಳೆಯುವ ವಾಸನೆಯಾಗುತ್ತದೆ.

ತುದಿಯಲ್ಲಿ ನಿಂತರೆ ಪಡುವಣಕ್ಕೆ ಕಡಲಿನ ಗೆರೆ, ಮೂಡಣಕ್ಕೆ ಘಟ್ಟದ ಸಾಲು. ಮಳೆಗಾಲದ ಮಂಜಿನಲ್ಲಿ ಇದು ಕಾಣದು, ಮಾರ್ಚಿನ ಮಬ್ಬಿನಲ್ಲೂ ಕಾಣದು. ನಡುವೆ ಬೈಲುಗಳಲ್ಲಿ ಸುಗ್ಗಿ ಪೈರಿನ ಹಸಿರು, ಅದರ ಸುತ್ತ ಅಡಿಕೆ ತೋಟದ ಕಡುಹಸಿರು, ಮೇಲೆ ಒಣಗಿದ ಗುಡ್ಡೆಗಳು. ಸುಮ್ನೆ ಕೂತು ನೋಡಿದೆವು.

ಇಳಿಯುವ ದಾರಿಯಲ್ಲಿ ಗೇರುಮರಗಳು ಹೂ ಬಿಟ್ಟಿದ್ದವು. ಸಣ್ಣ ಹೂ, ಗುಲಾಬಿ ಗೆರೆ, ಸಿಹಿ ಪರಿಮಳ. ಆ ಪರಿಮಳದಲ್ಲಿ ನಿಂತಾಗ ಎದೆ ಭಾರವಾಯಿತು. ಗೇರು ಹೂ ಬಿಡುವ ಕಾಲದಲ್ಲಿ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಈ ಸೀಮೆಯ ದೊಡ್ಡ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಎಣ್ಮಕಜೆಯಂಥ ಊರುಗಳು ಅದರ ನೋವನ್ನು ಇನ್ನೂ ಉಣ್ಣುತ್ತಿವೆ. ಈ ಹೂವಿನ ಮೇಲೆ ಈಗ ಜೇನು ಕೂರುತ್ತಿದೆ ಎನ್ನುವುದು ನನಗೆ ಸಣ್ಣ ಸಂಗತಿಯಲ್ಲ.

ಹಿಂತಿರುಗುವಾಗ ಅನಂತಪುರಕ್ಕೆ ಹೋದೆವು. ಮುರಕಲ್ಲಿನ ಬಯಲ ನಡುವೆ ಕೆರೆ, ಕೆರೆಯ ನಡುವೆ ಗುಡಿ. ಇಲ್ಲಿದ್ದ, ಜನ ದೇವರ ಮೊಸಳೆ ಎಂದೇ ನಂಬಿದ್ದ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿಕೊಂಡ ಸುದ್ದಿ ಬಂದಾಗ ಎಲ್ಲರಿಗೂ ಸಂಭ್ರಮ. ಮೊಸಳೆಗೂ ಚಳಿಗಾಲದ ಬಿಸಿಲು ಬೇಕು, ದಡಕ್ಕೆ ಬಂದೀತು ಎಂದು ಕಾದೆವು. ನಮಗೆ ಕಂಡದ್ದು ಮೀನು ಮಾತ್ರ. ಹೊರಗೆ ಕಾಸರಗೋಡು ಕುಳ್ಳ ತಳಿಯ ದನವೊಂದು ಕಾದ ಕಲ್ಲಿನ ಮೇಲೆ ಮಲಗಿ ಮೆಲುಕು ಹಾಕುತ್ತಿತ್ತು. ಎದ್ದು ನಿಂತರೂ ನಮ್ಮ ಸೊಂಟದ ಎತ್ತರ. ಒಣಗಿದ ಹುಲ್ಲು, ಸೊಪ್ಪು ತಿಂದೇ ಈ ಗುಡ್ಡೆಗಳಲ್ಲಿ ಬದುಕಿ ಬಂದ ತಳಿ ಅದು.

ನೀವು ಹೋಗುವುದಾದರೆ ಡಿಸೆಂಬರ್ ನಡುವಿನಿಂದ ಜನವರಿ ಕೊನೆಯೊಳಗೆ ಹೋಗಿ. ಕುಂಭ ತಿಂಗಳು ಹತ್ತಿರವಾದರೆ ಸೆಕೆ ಶುರು. ಗುಡ್ಡೆ ಹತ್ತುವುದು ಬೆಳಿಗ್ಗೆ ಒಂಬತ್ತರೊಳಗೆ ಮುಗಿಯಲಿ, ನೀರು ಜೊತೆಗಿರಲಿ. ಒಣಹುಲ್ಲಿನ ಗುಡ್ಡೆಯಲ್ಲಿ ಬೆಂಕಿಕಡ್ಡಿ ಗೀರಲೇಬೇಡಿ. ರಾತ್ರಿ ಎಲ್ಲಾದರೂ ಯಕ್ಷಗಾನ ಬಯಲಾಟ ಇರುತ್ತದೆ, ಈ ಕಾಲದಲ್ಲಿ ಮೇಳಗಳೆಲ್ಲ ತಿರುಗಾಟದಲ್ಲಿರುತ್ತವೆ. ಯಕ್ಷಗಾನ ಪ್ರಸಂಗ ಬರೆದ ಕವಿ ಪಾರ್ತಿಸುಬ್ಬನ ಊರು ಕುಂಬಳೆ ಅಲ್ವಾ, ಒಂದು ಆಟ ನೋಡದೆ ಬರಬೇಡಿ. ಬೆಳಗಿನ ಜಾವಕ್ಕೆ ಹೊದೆಯಲು ಒಂದು ಶಾಲು ಇಟ್ಟುಕೊಳ್ಳಿ.