ಬಿಲ್ಲಿ ವೈಲ್ಡರ್ ಸಿನಿಮಾ ಯಾವುದರಿಂದ ಶುರು ಮಾಡಲಿ?

ಹಳೇ ಹಾಲಿವುಡ್ ಬಗ್ಗೆ ಮಾತು ಶುರುವಾದರೆ ನನ್ನ ಬಾಯಲ್ಲಿ ನಿರ್ದೇಶಕ ಬಿಲ್ಲಿ ವೈಲ್ಡರ್ ಹೆಸರು ಬಂದೇ ಬರುತ್ತದೆ. ಕೇಳಿಸಿಕೊಂಡವರು ಕೊನೆಗೆ ಒಂದೇ ಪ್ರಶ್ನೆ ಹಾಕುತ್ತಾರೆ: "ಇಷ್ಟೊಂದು ಸಿನಿಮಾ ಇದೆಯಲ್ಲ, ಮೊದಲು ಯಾವುದು ನೋಡಲಿ?" ಕೆಲವರು ಸ್ವಲ್ಪ ಅಂಜಿಕೊಂಡೇ ಸೇರಿಸುತ್ತಾರೆ: "ಕಪ್ಪು ಬಿಳುಪು, ಅದರಲ್ಲೂ ಮಾತು ಜಾಸ್ತಿ ಅಂತಾರೆ. ಬೋರ್ ಆಗಲ್ವಾ?"

ನನ್ನ ಉತ್ತರ ಯಾವಾಗಲೂ ಒಂದೇ. 1960ರ 'ದಿ ಅಪಾರ್ಟ್‌ಮೆಂಟ್' ನೋಡಿ.

ಹೆಚ್ಚಿನವರು 'ಸಮ್ ಲೈಕ್ ಇಟ್ ಹಾಟ್' ಹೆಸರು ಹೇಳುತ್ತಾರೆ. ಅದನ್ನು ನೋಡಿದರೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ, ನಿಜ. ಆದರೆ ವೈಲ್ಡರ್ ಅಂದರೆ ಬರೀ ತಮಾಷೆ ಅನ್ನಿಸಿಬಿಡುತ್ತದೆ. 'ಸನ್‌ಸೆಟ್ ಬುಲೆವಾರ್ಡ್'ನಿಂದ ಶುರು ಮಾಡಿದರೆ ಬರೀ ಕಹಿ ಅನ್ನಿಸುತ್ತದೆ. 'ದಿ ಅಪಾರ್ಟ್‌ಮೆಂಟ್'ನಲ್ಲಿ ಎರಡನ್ನೂ ಬಿಡಿಸಿ ತೆಗೆಯಲಿಕ್ಕೆ ಆಗುವುದಿಲ್ಲ.

ಕಥೆ ಇಷ್ಟು. ನ್ಯೂಯಾರ್ಕಿನ ಒಂದು ದೊಡ್ಡ ವಿಮಾ ಕಂಪನಿ. 19ನೇ ಮಹಡಿ, ಮೇಜಿನ ನಂಬರು 861. ಅಲ್ಲಿ ಕೂರುವವನು ಬ್ಯಾಕ್ಸ್‌ಟರ್, ಅಂದರೆ ಜ್ಯಾಕ್ ಲೆಮ್ಮನ್. ಮೇಲಿನವರು ತಮ್ಮ ಗೆಳತಿಯರ ಜೊತೆ ಸಂಜೆ ಕಳೆಯಲಿಕ್ಕೆ ಇವನ ಮನೆಯ ಕೀಲಿ ಕೇಳುತ್ತಾರೆ. ಇವನು ಕೊಡುತ್ತಾನೆ. ಬಡ್ತಿ ಸಿಗುತ್ತದಲ್ಲ ಅಂತ. ತನ್ನದೇ ಮನೆಯ ಹೊರಗೆ ಚಳಿಯಲ್ಲಿ ನಿಂತು ಕಾಯುತ್ತಾನೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ನೋಡಿದೆ. ಆ ಆಫೀಸು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಾಲು ಸಾಲು ಮೇಜು, ಕಣ್ಣು ಹಾಯಿಸಿದಷ್ಟೂ ದೂರ. ನಿಜವಾಗಿ ಆ ಸೆಟ್ ಅಷ್ಟು ಉದ್ದ ಇರಲೇ ಇಲ್ಲ. ಕಲಾ ನಿರ್ದೇಶಕ ಅಲೆಕ್ಸಾಂಡರ್ ಟ್ರೌನರ್ ಹಿಂದಕ್ಕೆ ಹೋದ ಹಾಗೆಲ್ಲ ಮೇಜುಗಳನ್ನು ಚಿಕ್ಕದು ಮಾಡುತ್ತಾ ಹೋದ. ಅಲ್ಲಿ ಕೂರಿಸಿದ ಜನರನ್ನೂ ಅಷ್ಟೇ, ಕುಳ್ಳಗಿರುವವರನ್ನು ನೋಡಿ ಆರಿಸಿದರು. ಈ ಸಿನಿಮಾಕ್ಕೆ ಬಂದ 5 ಆಸ್ಕರ್‌ಗಳಲ್ಲಿ ಒಂದು ಕಲಾ ನಿರ್ದೇಶನಕ್ಕೆ.

ಈಗ ಆ ಕನ್ನಡಿಯ ವಿಷಯ. ಅದನ್ನು ಹೇಳದೆ ಈ ಸಿನಿಮಾ ಯಾರಿಗೂ ಶಿಫಾರಸು ಮಾಡಲಿಕ್ಕೆ ನನ್ನಿಂದಾಗದು.

ಬ್ಯಾಕ್ಸ್‌ಟರ್‌ಗೆ ಲಿಫ್ಟ್ ನಡೆಸುವ ಫ್ರಾನ್ ಮೇಲೆ ಮನಸ್ಸು. ಶರ್ಲಿ ಮ್ಯಾಕ್ಲೇನ್ ಮಾಡಿದ ಪಾತ್ರ ಅದು. ಅವಳಿಗೋ ಕಂಪನಿಯ ದೊಡ್ಡ ಅಧಿಕಾರಿ ಶೆಲ್ಡ್ರೇಕ್ ಜೊತೆ ಸಂಬಂಧ. ಇದು ನಮಗೆ ಗೊತ್ತು, ಬ್ಯಾಕ್ಸ್‌ಟರ್‌ಗೆ ಗೊತ್ತಿಲ್ಲ. ಒಮ್ಮೆ ಅವನ ಮನೆಯಲ್ಲಿ ಯಾರೋ ಹೆಂಗಸು ಬಿಟ್ಟುಹೋದ ಪೌಡರ್ ಡಬ್ಬಿ ಸಿಗುತ್ತದೆ. ಒಳಗಿನ ಕನ್ನಡಿ ಬಿರುಕು ಬಿಟ್ಟಿದೆ. ಕೀಲಿ ಪಡೆದಿದ್ದ ಶೆಲ್ಡ್ರೇಕ್ ಕೈಗೆ ವಾಪಸ್ ಕೊಡುತ್ತಾನೆ, ಅಲ್ಲಿಗೆ ಮರೆತೂ ಬಿಡುತ್ತಾನೆ. ಆಮೇಲೆ ಕ್ರಿಸ್‌ಮಸ್ ಹಿಂದಿನ ದಿನ, ಆಫೀಸಿನ ಪಾರ್ಟಿ. ಹೊಸ ಟೋಪಿ ಹಾಕಿಕೊಂಡು ಹೇಗಿದೆ ಅಂತ ಫ್ರಾನ್‌ಳನ್ನು ಕೇಳುತ್ತಾನೆ. ನೋಡಿಕೊಳ್ಳಲಿ ಅಂತ ಅವಳು ತನ್ನ ಡಬ್ಬಿ ಕೊಡುತ್ತಾಳೆ. ತೆರೆದರೆ ಅದೇ ಬಿರುಕು, ಅದರಲ್ಲಿ ಎರಡು ತುಂಡಾದ ಅವನ ಮುಖ. ಕನ್ನಡಿ ಒಡೆದಿದೆ ಅನ್ನುತ್ತಾನೆ. ಗೊತ್ತು, ನನಗೆ ಹೀಗೇ ಇಷ್ಟ, ನನ್ನ ಮನಸ್ಸು ಇರುವ ಹಾಗೇ ಕಾಣುತ್ತೇನೆ ಅನ್ನುತ್ತಾಳೆ ಅವಳು. ಅವನಿಗೆ ಎಲ್ಲ ಗೊತ್ತಾಯಿತು ಅನ್ನುವುದು ಅವಳಿಗೆ ಗೊತ್ತಾಗುವುದಿಲ್ಲ. ಯಾರೂ ಅಳುವುದಿಲ್ಲ, ಕೂಗಾಡುವುದಿಲ್ಲ. ಎಷ್ಟು ಸಲ ನೋಡಿದರೂ ಇಲ್ಲಿಗೆ ಬಂದಾಗ ನನ್ನ ಗಂಟಲು ಕಟ್ಟುತ್ತದೆ.

"ಮಾತು ಜಾಸ್ತಿ" ಅನ್ನುವವರಿಗೆ ಇದೇ ನನ್ನ ಉತ್ತರ. ಮಾತು ಇದೆ, ಚುರುಕಾಗಿಯೂ ಇದೆ. ಆದರೆ ಎದೆಗೆ ತಾಗುವ ವಿಷಯ ಬಂದಾಗ ವೈಲ್ಡರ್ ಅದನ್ನು ಒಂದು ಸಣ್ಣ ಸಾಮಾನಿನ ಕೈಗೆ ಒಪ್ಪಿಸುತ್ತಾನೆ. ಕನ್ನಡಿ, ಕೀಲಿ, ಟೋಪಿ.

ಆತ ಹುಟ್ಟಿದ್ದು 1906ರಲ್ಲಿ, ಆಗ ಆಸ್ಟ್ರಿಯಾ-ಹಂಗೇರಿಗೆ ಸೇರಿದ್ದ, ಈಗ ಪೋಲೆಂಡಿನಲ್ಲಿರುವ ಸೂಹಾ ಅನ್ನುವ ಊರಲ್ಲಿ. ವಿಯೆನ್ನಾ, ಬರ್ಲಿನ್‌ಗಳಲ್ಲಿ ಪತ್ರಕರ್ತನಾಗಿದ್ದ. ಯಹೂದಿ. ಹಿಟ್ಲರ್ ಬಂದ ಮೇಲೆ 1933ರಲ್ಲಿ ಬರ್ಲಿನ್ ಬಿಟ್ಟ. ತಾಯಿ ನಾತ್ಸಿಗಳ ಕೈಗೆ ಸಿಕ್ಕಿ ಸತ್ತಳು. ಅಮೆರಿಕಕ್ಕೆ ಬಂದಾಗ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ಕಡೆಯವರೆಗೂ ಜೊತೆಗಾರರನ್ನು ಕೂರಿಸಿಕೊಂಡೇ ಬರೆದ. ಮೊದಲು ಚಾರ್ಲ್ಸ್ ಬ್ರ್ಯಾಕೆಟ್, ಆಮೇಲೆ ಐ.ಎ.ಎಲ್. ಡೈಮಂಡ್. ಭಾಷೆಯನ್ನು ದೊಡ್ಡವನಾದ ಮೇಲೆ ಕಲಿತವನಿಗೆ ಮಾತಿಗಿಂತ ವಸ್ತುವಿನ ಮೇಲೆ ನಂಬಿಕೆ ಜಾಸ್ತಿ ಇತ್ತೇನೋ ಅಂತ ನನಗೆ ಅನ್ನಿಸುತ್ತದೆ.

ಆಮೇಲೆ ಯಾವುದು ಅಂತ ಕೇಳಿದರೆ, 1944ರ 'ಡಬಲ್ ಇಂಡೆಮ್ನಿಟಿ'. ಅಲ್ಲೂ ವಿಮಾ ಕಂಪನಿಯೇ, ಆದರೆ ಕೊಲೆಯ ಕಥೆ. ಅದು ಹಿಡಿಸಿದರೆ 'ಸನ್‌ಸೆಟ್ ಬುಲೆವಾರ್ಡ್', 'ಏಸ್ ಇನ್ ದಿ ಹೋಲ್'. 'ಸಮ್ ಲೈಕ್ ಇಟ್ ಹಾಟ್' ಯಾವಾಗ ಬೇಕಾದರೂ ನೋಡಬಹುದು. 1981ರ ಕೊನೆಯ ಸಿನಿಮಾ 'ಬಡ್ಡಿ ಬಡ್ಡಿ' ಬಿಟ್ಟರೂ ನಷ್ಟವಿಲ್ಲ.

'ಡಬಲ್ ಇಂಡೆಮ್ನಿಟಿ' ನೋಡುವಾಗ ಬೆಂಕಿಕಡ್ಡಿ ಮೇಲೆ ಒಂದು ಕಣ್ಣಿಡಿ. ಹಿರಿಯ ಅಧಿಕಾರಿ ಕೀಸ್ ಸಿಗಾರ್ ಬಾಯಲ್ಲಿಟ್ಟು ಜೇಬು ತಡಕುತ್ತಾನೆ, ಕಡ್ಡಿ ಸಿಗುವುದೇ ಇಲ್ಲ. ಕಥೆಯ ಕೊಲೆಗಾರ, ವಿಮಾ ಏಜೆಂಟ್ ನೆಫ್ ಪ್ರತಿ ಸಲ ಹೆಬ್ಬೆರಳ ಉಗುರಿನಲ್ಲೇ ಕಡ್ಡಿ ಗೀರಿ ಹಚ್ಚಿಕೊಡುತ್ತಾನೆ. ನೆಫ್‌ಗೆ ಮರಣದಂಡನೆ ಆಗುವ ದೃಶ್ಯವನ್ನು ವೈಲ್ಡರ್ ಚಿತ್ರೀಕರಿಸಿಯೂ ಇದ್ದ, ಕೊನೆಗೆ ಕೈಬಿಟ್ಟ. ಈಗಿರುವ ಸಿನಿಮಾ ಬಾಗಿಲ ಬಳಿ ಮುಗಿಯುತ್ತದೆ. ಗುಂಡು ತಗುಲಿ ಬಿದ್ದ ನೆಫ್‌ಗೆ ಸಿಗರೇಟು ಹಚ್ಚಿಕೊಳ್ಳಲಿಕ್ಕೂ ಆಗುತ್ತಿಲ್ಲ. ಕೀಸ್ ಪಕ್ಕದಲ್ಲಿ ಬಗ್ಗಿ ಕಡ್ಡಿ ತೆಗೆದುಕೊಂಡು ತನ್ನ ಹೆಬ್ಬೆರಳಲ್ಲಿ ಗೀರುತ್ತಾನೆ.