ಪರದೆಯ ಆಚೆಯ ಸಿಸ್ಟರ್

ಕೆಲವು ಆಸ್ಪತ್ರೆಗಳಲ್ಲಿ ಒಬ್ಬ ಸಿಸ್ಟರ್ ಬೇರೆಡೆ ಕೂತು, ರೋಗಿಯ ಕೋಣೆಯ ಕ್ಯಾಮೆರಾ ಮತ್ತು ವಿಡಿಯೊ ಪರದೆಯ ಮೂಲಕವೇ ರೋಗಿಯೊಡನೆ ಮಾತಾಡುತ್ತಾರೆ. ಆ ಕ್ಯಾಮೆರಾ, ಕೆಲಸವಿಲ್ಲದಾಗ ಗೋಡೆಯ ಕಡೆಗೇ ಮುಖ ಮಾಡಿರಬೇಕು. ಮೊದಲು ಗಂಟೆ, ಆಮೇಲೆ ಹೆಸರು, ಆಮೇಲೆ ‘ಕ್ಯಾಮೆರಾ ತಿರುಗಿಸಲಾ?’ ಎಂಬ ಪ್ರಶ್ನೆ. ‘ಹೂಂ’ ಅಂದ ಮೇಲಷ್ಟೇ ಚಿತ್ರ. ಬಟ್ಟೆ ಬದಲಿಸುವಾಗ ಒಮ್ಮೆ ಪರದೆ ಬೆಳಗಿತೋ, ಆ ರೋಗಿ ಮುಂದೆ ಹೊದಿಕೆಯನ್ನು ಗಂಟಲವರೆಗೆ ಎಳೆದುಕೊಂಡೇ ಮಾತಾಡುತ್ತಾರೆ.

ಹೃದಯ ವೈಫಲ್ಯದಿಂದ (ಹೃದಯಕ್ಕೆ ಸಾಕಷ್ಟು ರಕ್ತ ಪಂಪ್ ಮಾಡಲಾಗದ ಸ್ಥಿತಿ) ದಾಖಲಾದವರು ಮನೆಗೆ ಹೊರಡುವ ದಿನ. ವಾರ್ಡಿನ ಸಿಸ್ಟರ್‌ಗೆ ಕೈತುಂಬ ಕೆಲಸ. ಮಾತ್ರೆ, ಉಪ್ಪು, ತೂಕದ ವಿಷಯ ನಿಧಾನವಾಗಿ ತಿಳಿಸುವುದು ಪರದೆಯ ಸಿಸ್ಟರ್ ಪಾಲು. ಮೊದಲು ಎಡವುವುದು ನೋಟದಲ್ಲಿ. ನಾವು ಪರದೆಯ ಮೇಲಿನ ಮುಖ ನೋಡುತ್ತೇವೆ, ಅವರಿಗೆ ಕಾಣುವುದು ನಮ್ಮ ತಗ್ಗಿದ ರೆಪ್ಪೆ. ಅವರ ಚಿತ್ರವನ್ನು ಚಿಕ್ಕದು ಮಾಡಿ ಲೆನ್ಸಿನ ಕೆಳಗೇ ಎಳೆದಿಟ್ಟರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ಟೈಪ್ ಮಾಡುವಾಗ ‘ನೀವು ಹೇಳಿದ್ದನ್ನೇ ಬರ್ಕೊಳ್ತಿದ್ದೀನಿ’ ಅನ್ನಬೇಕು. ಇಲ್ಲವಾದರೆ ಆ ಟಕಟಕ ಸದ್ದು ಬೇರೇನೋ ಕೆಲಸದಂತೆ ಕೇಳುತ್ತದೆ. ಧ್ವನಿ ಅರೆಕ್ಷಣ ತಡವಾಗಿ ತಲುಪುವುದರಿಂದ ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಮೂರು ಎಣಿಸಿ. ಆತುರಪಟ್ಟರೆ ಬಾಯಿ ತೆರೆದವರು ಹಾಗೇ ಮುಚ್ಚಿಬಿಡುತ್ತಾರೆ.

‘ಅರ್ಥ ಆಯ್ತಾ?’ ಎಂದು ಕೇಳಿ ಪ್ರಯೋಜನವಿಲ್ಲ, ಎಲ್ಲರೂ ತಲೆಯಾಡಿಸುತ್ತಾರೆ. ‘ನಾನು ಸರಿಯಾಗಿ ಹೇಳಿದೆನಾ ನೋಡೋಣ, ನಾಳೆ ಬೆಳಿಗ್ಗೆ ಎದ್ದು ಏನು ಮಾಡ್ತೀರಿ?’ ಎಂದು ಕೇಳಬೇಕು. ಮೂತ್ರಕ್ಕೆ ಹೋಗಿಬಂದು, ತಿಂಡಿಗೆ ಮೊದಲು, ಹೆಚ್ಚುಕಡಿಮೆ ಅಷ್ಟೇ ಬಟ್ಟೆಯಲ್ಲಿ, ಅದೇ ಮಷಿನ್ ಮೇಲೆ ತೂಕ ನೋಡುತ್ತೇನೆ ಎಂಬುದು ಅವರ ಬಾಯಿಂದಲೇ ಬರಬೇಕು. ದಿನದಲ್ಲಿ 1 ಕಿಲೋ ಅಥವಾ ವಾರದಲ್ಲಿ 2 ಕಿಲೋ ದಾಟಿ ಏರಿದರೆ ಫೋನ್ ಮಾಡಬೇಕು. ಅಷ್ಟು ಬೇಗ ಏರುವುದು ಮೈಯಲ್ಲಿ ನಿಂತ ನೀರು. ಮನೆಯಲ್ಲಿ ತೂಕದ ಮಷಿನ್ನೇ ಇಲ್ಲ ಎಂಬುದು ಹೊರಬೀಳುವುದೂ ಸಾಮಾನ್ಯವಾಗಿ ಈ ಹೊತ್ತಿಗೇ!

ಕಾಲಿನ ಊತ ಕ್ಯಾಮೆರಾಕ್ಕೆ ಕಾಣುತ್ತದೆ, ಆಳ ಕಾಣುವುದಿಲ್ಲ. ವಾರ್ಡಿನ ಸಿಸ್ಟರ್ ಮೊಣಕಾಲಿನ ಕೆಳಗೆ, ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಬಿಡಬೇಕು. ಗುಳಿ ಎಷ್ಟು ಹೊತ್ತು ಉಳಿಯಿತು ಎಂಬುದನ್ನು ಇಬ್ಬರೂ ಸೇರಿ ನೋಡಬೇಕು. ಜೂಮ್ ಮಾಡುವ ಮುನ್ನವೂ ರೋಗಿಯ ಒಪ್ಪಿಗೆ ಬೇಕು.

ನಂಬಿಕೆ ಹೆಚ್ಚಾಗಿ ಮುರಿಯುವುದು ‘ಕಳಿಸ್ತೀನಿ’ ಎಂಬ ಮಾತಿನಿಂದ. ಉಸಿರಾಟಕ್ಕೆ ಆಸರೆಯಾಗಿ ಇನ್ನೊಂದು ದಿಂಬು ಕೇಳಿದವರಿಗೆ ಪರದೆಯಿಂದ ಕೈ ಚಾಚಿ ಕೊಡಲಾಗದು. ಹಾಗಾಗಿ ವಾರ್ಡಿಗೆ ಕರೆ ಮಾಡುವುದು ರೋಗಿಗೆ ಕೇಳಿಸುವಂತೆಯೇ ಇರಲಿ: ಯಾರು ತರುತ್ತಾರೆ, ಯಾವಾಗ. ಹತ್ತು ನಿಮಿಷ ಬಿಟ್ಟು ಮತ್ತೆ ಗಂಟೆ ಒತ್ತಿ ‘ದಿಂಬು ಬಂತಾ?’ ಎಂದು ಕೇಳಲು ಅರ್ಧ ನಿಮಿಷವೂ ಹಿಡಿಯುವುದಿಲ್ಲ.