ತೊಂಬತ್ತು ಪಾಯಿಂಟಿನ ಲೆಕ್ಕ

ಮಧ್ಯಾಹ್ನ ಮೂರಕ್ಕೇ ಪಕ್ಕದ ಮನೆಯ ಮುದುಕರ ಫೋನು. "ನಿನ್ನ ಆಫೀಸಿನ ಕಿಟಕಿಯಿಂದ ಬ್ಲನ್ಸ್‌ಡನ್ ಕಡೆಯ ಮೋಡ ಕಾಣಿಸುತ್ತದಾ?" ಕಾಣುತ್ತಿತ್ತು. ಕಪ್ಪಗೇ ಇತ್ತು. ನಾನು ಸುಳ್ಳು ಹೇಳಿದೆ.

2019ರ ಬೇಸಿಗೆ. ಇಂಗ್ಲೆಂಡಿನ ಸ್ವಿಂಡನ್ನಿಗೆ ಬಂದು ವರ್ಷವಾಗಿತ್ತಷ್ಟೆ. ಆ ಊರಿನ ಸ್ಪೀಡ್‌ವೇ, ಅಂದರೆ ಮಣ್ಣಿನ ಟ್ರ್ಯಾಕಿನ ಬೈಕ್ ರೇಸಿನ ತಂಡ ರಾಬಿನ್ಸ್, 1949ರಿಂದ ಬ್ಲನ್ಸ್‌ಡನ್ನಿನ ಟ್ರ್ಯಾಕಿನಲ್ಲಿ ಓಡುತ್ತಿದ್ದದ್ದು. ಮುದುಕರು ಹುಡುಗನಾಗಿದ್ದಾಗಿನಿಂದ ಅದರ ಹಿಂದೆ. ಹೆಂಡತಿ ತೀರಿಕೊಂಡ ಮೇಲೆ ಜೊತೆಗೆ ಬರುವವರಿಲ್ಲದೆ ನನ್ನನ್ನು ಹಿಡಿದಿದ್ದರು.

ಬೈಕಿಗೆ ಬ್ರೇಕಿಲ್ಲ, ಇರುವುದು ಒಂದೇ ಗೇರು. 500 ಸಿಸಿ ಎಂಜಿನ್ನು, ಕುಡಿಯುವುದು ಮೆಥನಾಲ್. ಎರಡೂ ತಂಡದಿಂದ ಇಬ್ಬಿಬ್ಬರು, ಎಡಕ್ಕೆ ತಿರುಗುತ್ತಾ ನಾಲ್ಕು ಸುತ್ತು. ಸುಮಾರು ಒಂದು ನಿಮಿಷದಲ್ಲಿ ಒಂದು ಓಟ, ಅಂದರೆ ಒಂದು ಹೀಟ್, ಮುಗಿಯಿತು. ತಿರುವಿನಲ್ಲಿ ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸುತ್ತಾರೆ, ಹಾಗಾಗಿ ಮೊದಲ ತಿರುವಿನಲ್ಲಿ ನಿಂತವರಿಗೆ ಪುಡಿಮಣ್ಣಿನ ಅಭಿಷೇಕ. ನಾವು ನಿಲ್ಲುತ್ತಿದ್ದದ್ದು ಅಲ್ಲೇ.

ಐದೂವರೆಗೆ ಹನಿ ಶುರುವಾಯಿತು. ಗೇಟಿನ ಹತ್ತಿರ ಎಲ್ಲರೂ ಆಕಾಶವನ್ನೇ ನೋಡುತ್ತಿದ್ದರು. "ಈಗ ರದ್ದಾದರೆ ದುಡ್ಡು ಹಾಕಿ ಆಟ ನಡೆಸುವ ಪ್ರಮೋಟರ್ ಸತ್ತ," ಎಂದರು ಮುದುಕರು. ಸವಾರರು ವಿಮಾನದಲ್ಲಿ ಬಂದಾಗಿದೆ. ಭಾನುವಾರ ಪೋಲೆಂಡ್, ಮಂಗಳವಾರ ಸ್ವೀಡನ್, ನಡುವೆ ಇಂಗ್ಲೆಂಡು ಎಂದು ವಾರವಿಡೀ ಹಾರಾಡುವವರು. ಪ್ರೋಗ್ರಾಂ ಪುಸ್ತಕ ಅಚ್ಚಾಗಿದೆ, ಆ್ಯಂಬುಲೆನ್ಸ್ ಬಂದು ನಿಂತಿದೆ, ಪೈ ಬೆಂದಾಗಿದೆ. ಬಾರದಿರುವವರು ಜನ ಮಾತ್ರ. ಮೋಡ ನೋಡಿ ಮನೆಯಲ್ಲೇ ಕುಳಿತವರು ಎಷ್ಟೋ.

ಹನಿ ನಿಂತಿತು. ಟ್ರ್ಯಾಕ್ಟರ್ ಹತ್ತು ಸುತ್ತು ಹೊಡೆದು ಮಣ್ಣು ಮಟ್ಟ ಮಾಡಿದ ಮೇಲೆ ಮೊದಲ ಹೀಟ್. ನಮ್ಮ ತಂಡ ಓಟದ ಮೇಲೆ ಓಟ ಗೆಲ್ಲತೊಡಗಿತು. ನನಗೆ ಖುಷಿಯೋ ಖುಷಿ. ಮುದುಕರು ಮಾತ್ರ ಪೆನ್ಸಿಲ್ಲಿನಲ್ಲಿ ಅಂಕ ತುಂಬುತ್ತಾ ಮುಖ ಗಂಟಿಕ್ಕಿಕೊಂಡಿದ್ದರು.

"ನೀನು ಲೆಕ್ಕದವನಲ್ಲವಾ, ಕೂಡಿಸು ಮತ್ತೆ," ಎಂದರು. ಮೊದಲನೆಯವನಿಗೆ ಮೂರು, ಎರಡನೆಯವನಿಗೆ ಎರಡು, ಮೂರನೆಯವನಿಗೆ ಒಂದು, ಕೊನೆಯವನಿಗೆ ಸೊನ್ನೆ. ಹೀಟಿಗೆ ಆರರಂತೆ ಹದಿನೈದು ಹೀಟಿಗೆ ತೊಂಬತ್ತು. ಸವಾರನಿಗೆ ಸಿಗುವ ದುಡ್ಡು ಪಾಯಿಂಟಿನ ಲೆಕ್ಕದಲ್ಲಿ. ಅಂದರೆ 60-30ರಲ್ಲಿ ಗೆದ್ದರೆ ಕ್ಲಬ್ಬು ಅರವತ್ತು ಪಾಯಿಂಟಿಗೆ ದುಡ್ಡು ಎಣಿಸಬೇಕು, ಅದೂ ಜನರನ್ನು ಬೇಸರದಿಂದ ಆಕಳಿಸುವಂತೆ ಮಾಡಿ. 46-44ರಲ್ಲಿ ಗೆದ್ದರೆ ಖರ್ಚೂ ಕಡಿಮೆ, ಕೊನೆಯ ಹೀಟಿನ ತನಕ ಉಗುರು ಕಚ್ಚುವ ಜನ ಮುಂದಿನ ವಾರವೂ ಬರುತ್ತಾರೆ. ಎದುರಾಳಿಯ ಊರಿಗೆ ಹೋಗಿ ಗೆದ್ದರಂತೂ ಕೇಳುವುದೇ ಬೇಡ: ಟಿಕೆಟ್ಟಿನ ದುಡ್ಡು ಅವರಿಗೆ, ಪಾಯಿಂಟಿನ ಖರ್ಚು ನಮಗೆ. ಇಂಥ ಬ್ಯಾಲೆನ್ಸ್ ಶೀಟು ನಾನಂತೂ ಕಂಡಿರಲಿಲ್ಲ.

ಒಂಬತ್ತನೆಯದೋ ಹತ್ತನೆಯದೋ ಹೀಟಿನಲ್ಲಿ ನಮ್ಮೆದುರೇ ಎದುರಾಳಿ ತಂಡದ ರಿಸರ್ವ್ ಹುಡುಗ ಬಿದ್ದ. ಬೈಕು ಎರಡು ಪಲ್ಟಿ ಹೊಡೆದು ಗಾಳಿ ತುಂಬಿದ ಬೇಲಿಗೆ ಬಡಿಯಿತು. ಎದ್ದು ಕೈ ಬೀಸಿದ, ಚಪ್ಪಾಳೆ ಬಿತ್ತು. ಆಟ ಮುಗಿದ ಮೇಲೆ ಬೈಕು ರಿಪೇರಿ ಮಾಡುವ ಪಿಟ್ಸ್ ಕಡೆ ಹೋದರೆ ಅವನ ಅಪ್ಪನೇ ಮೆಕ್ಯಾನಿಕ್ಕು. ಬಗ್ಗಿದ ಹ್ಯಾಂಡಲ್‌ಬಾರನ್ನು ಬಿಚ್ಚುತ್ತಿದ್ದರು. ಆ ರಾತ್ರಿ ಹುಡುಗನ ಸಂಪಾದನೆ ಒಂದೇ ಒಂದು ಪಾಯಿಂಟು. ಬೈಕು ಅವನದೇ, ವ್ಯಾನು ಅವನದೇ, ಡೀಸೆಲ್ಲೂ ಅವನದೇ. "ಟೈರಿನ ದುಡ್ಡೂ ಹುಟ್ಟಲಿಲ್ಲ," ಎಂದು ನಕ್ಕರು. ಕಂಬಳದ ಕೋಣ ಸಾಕಿದ್ದ ನಮ್ಮ ದೊಡ್ಡಪ್ಪ ನೆನಪಾದರು. ಗೆದ್ದರೆ ಎರಡು ಪವನು ಚಿನ್ನ, ಹುರುಳಿಯ ಖರ್ಚು ಅದಕ್ಕಿಂತ ಹೆಚ್ಚು. ಆದರೂ ಕೋಣ ಮಾರಿ ಎಂದವರ ಮನೆಗೆ ಅವರು ಆಮೇಲೆ ಹೋಗುತ್ತಿರಲಿಲ್ಲ.

ಆ ವರ್ಷ ರಾಬಿನ್ಸೇ ಚಾಂಪಿಯನ್. ಫೈನಲ್‌ನಲ್ಲಿ ಇಪ್ಸ್‌ವಿಚ್ ತಂಡವನ್ನು ಸೋಲಿಸಿದರು. 2017ರ ವಿಶ್ವ ಚಾಂಪಿಯನ್ ಜೇಸನ್ ಡಾಯ್ಲ್ ನಮ್ಮವರಾಗಿದ್ದರು, ಗೆಲ್ಲದೆ ಇನ್ನೇನು. ನಾನು ಕುಣಿಯುತ್ತಿದ್ದರೆ ಮುದುಕರು, "ಇನ್ನು ತಂಡ ಒಡೆಯಬೇಕು," ಎಂದರು. ಆಗಿನ ನಿಯಮವೇ ಹಾಗೆ. ಪ್ರತಿ ಸವಾರನಿಗೂ ಒಂದು ಸರಾಸರಿ ಅಂಕ, ಏಳೂ ಜನರದ್ದು ಕೂಡಿದರೆ ಒಂದು ಮಿತಿಯೊಳಗಿರಬೇಕು. ಚೆನ್ನಾಗಿ ಓಡಿಸಿದವರ ಸರಾಸರಿ ಏರಿರುತ್ತದೆ, ಮರುವರ್ಷ ಅಷ್ಟೂ ಜನ ಆ ಮಿತಿಯಲ್ಲಿ ಹಿಡಿಸುವುದಿಲ್ಲ. ಬಡ ಕ್ಲಬ್ಬುಗಳೂ ಬದುಕಲಿ ಎಂದು ಮಾಡಿದ ನಿಯಮ, ತಪ್ಪು ಎನ್ನಲಾರೆ. ಆದರೆ ಗೆದ್ದವರೇ ಮನೆ ಖಾಲಿ ಮಾಡಬೇಕು.

ಮರುವರ್ಷ ತಂಡ ಟ್ರ್ಯಾಕಿಗೇ ಇಳಿಯಲಿಲ್ಲ. 2020ರಲ್ಲಿ ಕೋವಿಡ್, ಲೀಗೇ ನಡೆಯಲಿಲ್ಲ. 2022ರಲ್ಲಿ ಬ್ಲನ್ಸ್‌ಡನ್ನಿನಲ್ಲಿ ಇನ್ನು ಸ್ಪೀಡ್‌ವೇ ಇಲ್ಲ ಎಂದು ಘೋಷಿಸಿದರು. 2019ರಲ್ಲಿ ಮೇಲಿನ ಲೀಗಿನಲ್ಲಿದ್ದದ್ದೇ ಏಳು ತಂಡ. ಅದರಲ್ಲಿ ಪೂಲ್ ಮರುವರ್ಷಕ್ಕೆ ಕೆಳಗಿನ ಲೀಗಿಗೆ ಇಳಿಯಿತು. ವುಲ್ವರ್‌ಹ್ಯಾಂಪ್ಟನ್ನೂ ಪೀಟರ್‌ಬರೋವೂ 2023ರ ನಂತರ ಟ್ರ್ಯಾಕ್ ಕಳೆದುಕೊಂಡವು.

ಅದೇ 2022ರಲ್ಲಿ ಆಕ್ಸ್‌ಫರ್ಡಿನ ಹಳೆಯ ಟ್ರ್ಯಾಕ್ ಮತ್ತೆ ತೆರೆಯಿತು. ಸ್ವಿಂಡನ್ನಿನಿಂದ ದೂರವೇನಲ್ಲ. ಮುದುಕರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದೆ. ರಾಬಿನ್ಸ್‌ನ ಕೆಂಪು ಜಾಕೆಟ್ ಬಿಚ್ಚಲು ಒಪ್ಪಲಿಲ್ಲ. ಮೊದಲ ತಿರುವಿಗೇ ಹೋಗಿ ನಿಂತು ಪೆನ್ಸಿಲ್ ತೆಗೆದರು. ಯಾರ ಪರ ಎಂದು ಕೇಳಿದೆ.

"ಆಕ್ಸ್‌ಫರ್ಡಿಗೆ ಎದುರಾಗಿ ಯಾರು ಬಂದಿದ್ದಾರೋ, ಅವರ ಪರ," ಎಂದರು.